ಕೇಳಿದ್ದು ಪ್ರಬಂಧ, ಹಣವಲ್ಲ: ಎಪಿಎ ಯುವ ಸಂಶೋಧಕರ ಪ್ರಶಸ್ತಿಯನ್ನು ಹತ್ತಿರದಿಂದ ಕಂಡು

ಆರು ವರ್ಷಗಳ ಅಂತರದಲ್ಲಿ ಎರಡು ಪ್ರಶಸ್ತಿಗಳ ಒಳಹೊರಗನ್ನು ಕಂಡಿದ್ದೇನೆ. ಎರಡೂ ಯುವ ಸಂಶೋಧಕರಿಗೆಂದೇ ಇರುವವು, ಎರಡರಲ್ಲೂ ಮನೋವಿಜ್ಞಾನದ ಹೆಸರಿತ್ತು. ಒಂದಕ್ಕೆ ಎಂಟು ಸಾವಿರ ರೂಪಾಯಿ ಕಟ್ಟಬೇಕಿತ್ತು. ಇನ್ನೊಂದಕ್ಕೆ, ಅಮೆರಿಕದ ಮನೋವಿಜ್ಞಾನಿಗಳ ಸಂಘವಾದ ಎಪಿಎ ಕೊಡುವುದಕ್ಕೆ, ಒಂದು ಪೈಸೆಯೂ ಬೇಕಿರಲಿಲ್ಲ, ಆದರೆ ಮೂರು ವಾರ ರಾತ್ರಿ ಹನ್ನೊಂದರವರೆಗೆ ಊಟದ ಮೇಜಿನ ಮುಂದೆ ಕೂರಬೇಕಾಯಿತು. ಮೈಸೂರಿನ ಪದವಿ ಕಾಲೇಜೊಂದರಲ್ಲಿ ಇಪ್ಪತ್ತೊಂಬತ್ತು ವರ್ಷ ಮನೋವಿಜ್ಞಾನದ ಪಾಠ ಹೇಳಿ ಈಚೆಗೆ ನಿವೃತ್ತಳಾಗಿದ್ದೇನೆ. ಪಿಎಚ್.ಡಿ. ಮುಗಿಸಿ, ಇಮೇಲ್ ತೆರೆದಾಗಲೆಲ್ಲ ‘ಅಭಿನಂದನೆಗಳು, ನೀವು ಯುವ ವಿಜ್ಞಾನಿ ಪ್ರಶಸ್ತಿಗೆ ಆಯ್ಕೆಯಾಗಿದ್ದೀರಿ’ ಎಂಬ ಸಾಲು ಕಾಣುತ್ತಿರುವ ಹುಡುಗ ಹುಡುಗಿಯರು ಇದನ್ನು ಓದಲಿ ಎಂದು ಬರೆಯುತ್ತಿದ್ದೇನೆ.

ಮೊದಲು ಎಂಟು ಸಾವಿರದ ಕಥೆ. ನಮ್ಮ ವಿಭಾಗದಲ್ಲಿ ಒಬ್ಬ ಅತಿಥಿ ಉಪನ್ಯಾಸಕರಿದ್ದರು. ವಯಸ್ಸು ಮೂವತ್ತೊಂದು, ಹಾಸನ ಜಿಲ್ಲೆಯವರು, ಪಾಠಕ್ಕೆ ನಿಂತರೆ ಹಿಂದಿನ ಬೆಂಚಿನವರೂ ಪೆನ್ನು ಹಿಡಿಯುತ್ತಿದ್ದರು. ಅವರಿಗೆ ಒಂದು ಸಂಸ್ಥೆಯಿಂದ ಇಮೇಲ್ ಬಂತು. ಬೆಂಗಳೂರಿನ ಹೋಟೆಲೊಂದರಲ್ಲಿ ಸಮಾರಂಭ, ನೋಂದಣಿ ಶುಲ್ಕ ಎಂಟು ಸಾವಿರ, ಜೊತೆಗೆ ಬರುವವರ ಊಟಕ್ಕೆ ಬೇರೆ. ಆ ತಿಂಗಳ ಗೌರವಧನ ಇನ್ನೂ ಬಂದಿರಲಿಲ್ಲ, ತಂಗಿಯಿಂದ ಸಾಲ ತೆಗೆದು ಕಟ್ಟಿದರು. ಜೊತೆಗೆ ಬರಬೇಕೆಂದು ಕೇಳಿಕೊಂಡಾಗ ನಾನೂ ಹೋದೆ. ಬೆಳಗಿನ ರೈಲು, ನಂತರ ಮೆಟ್ರೊ, ನಂತರ ಆಟೊ.

ಆ ಸಭಾಂಗಣದಲ್ಲಿ ಕಂಡದ್ದನ್ನು ಮರೆಯಲಾರೆ. ವೇದಿಕೆಯ ಒಂದು ಬದಿಯಲ್ಲಿ ಫಲಕಗಳನ್ನು ಇಟ್ಟಿಗೆಯಂತೆ ಜೋಡಿಸಿದ್ದರು. ಹೆಸರು ಕೂಗಿದ ಹಾಗೆ ಒಬ್ಬೊಬ್ಬರು ಹತ್ತಿ ಶಾಲು ಹೊದ್ದು, ಪೇಟ ತೊಟ್ಟು, ಫೋಟೊಗೆ ನಿಂತು ಇಳಿಯುತ್ತಿದ್ದರು. ಇಳಿಯುವಾಗ ಪೇಟವನ್ನು ಬಿಚ್ಚಿ ಕೊಡಬೇಕು, ಅದು ಮುಂದಿನವರ ತಲೆಗೆ. ಪ್ರಮಾಣಪತ್ರದಲ್ಲಿ ಎಲ್ಲರಿಗೂ ಒಂದೇ ಅಚ್ಚು, ‘ಇಂಥ ಕ್ಷೇತ್ರದಲ್ಲಿ’ ಎಂಬ ಜಾಗ ಮಾತ್ರ ಖಾಲಿ. ಅಲ್ಲಿ ನೀಲಿ ಪೆನ್ನಿನಲ್ಲಿ ‘ಸೈಕಾಲಜಿ’ ಎಂದು ಬರೆದಿದ್ದರು. ನಮ್ಮವರ ಹೆಸರಿನ ಒಂದು ಅಕ್ಷರ ತಪ್ಪಿತ್ತು. ಹಿಂದಿರುಗುವಾಗ ರೈಲಿನಲ್ಲಿ ಅವರು ರಾಮನಗರದವರೆಗೆ ಮಾತಾಡಲಿಲ್ಲ. ಆಮೇಲೆ ಕಿಟಕಿಯ ಕಡೆ ನೋಡುತ್ತಲೇ ಹೇಳಿದರು: “ಮೇಡಂ, ನನ್ನ ಪ್ರಬಂಧ ಯಾವುದು ಎಂದು ಒಬ್ಬರೂ ಕೇಳಲಿಲ್ಲ.”

ಅವರನ್ನು ದೂರುವುದಿಲ್ಲ. ಅಧ್ಯಾಪಕರ ನೇಮಕಕ್ಕೆ ವಿಶ್ವವಿದ್ಯಾಲಯ ಅನುದಾನ ಆಯೋಗ (ಯುಜಿಸಿ) ಮಾಡಿದ 2018ರ ನಿಯಮಾವಳಿಯಲ್ಲಿ ಪ್ರಶಸ್ತಿಗೂ ಅಂಕವಿದೆ. ಸಂದರ್ಶನದ ಪಟ್ಟಿಯಲ್ಲಿ ಒಂದೆರಡು ಅಂಕಕ್ಕೆ ಕೆಲಸ ತಪ್ಪಿಹೋಗುವ ಕಾಲದಲ್ಲಿ ಎಂಟು ಸಾವಿರ ದೊಡ್ಡದಲ್ಲ ಎಂದು ಒಬ್ಬ ಅತಿಥಿ ಉಪನ್ಯಾಸಕ ಲೆಕ್ಕ ಹಾಕಿದರೆ ಅದು ಅವನ ಹೊಟ್ಟೆಪಾಡಿನ ಲೆಕ್ಕ. ಆ ಲೆಕ್ಕದ ಮೇಲೆ ಅಂಗಡಿ ತೆರೆದವರ ಮೇಲೆ ಮಾತ್ರ ನನಗೆ ಇಂದಿಗೂ ಸಿಟ್ಟಿದೆ.

ಎರಡನೆಯ ಪ್ರಶಸ್ತಿಯ ಸುದ್ದಿ ಬಂದದ್ದು ಅಮೆರಿಕದಿಂದ, ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳಿಂದ. ಕೆ.ಆರ್. ನಗರದ ಕಡೆಯ ಹಳ್ಳಿಯ ಹುಡುಗಿ. ಬಿ.ಎ. ಓದುವಾಗ ಪ್ರಾಯೋಗಿಕ ತರಗತಿಯಲ್ಲಿ ಸ್ಟಾಪ್‌ವಾಚ್ ಹಿಡಿದರೆ ಬೇರೆಯವರಿಗೆ ಬಿಡುತ್ತಿರಲಿಲ್ಲ. ಮದುವೆ, ಮಗು, ಅತ್ತೆಯ ಕಾಯಿಲೆ ಎಲ್ಲ ಮುಗಿದ ಮೇಲೆ ಹೊರಟು ಮೂವತ್ತಾರರಲ್ಲಿ ಪಿಎಚ್.ಡಿ. ಪಡೆದಳು. ಮಕ್ಕಳು ಓದಲು ಕಲಿಯುವುದು ಹೇಗೆ ಎಂಬುದು ಅವಳ ವಿಷಯ. ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಈಗ ಸಹಾಯಕ ಪ್ರಾಧ್ಯಾಪಕಿ. ಅವಳ ವಿಭಾಗದ ಹಿರಿಯರು ಅವಳ ಹೆಸರನ್ನು ಅಮೆರಿಕನ್ ಸೈಕಾಲಜಿಕಲ್ ಅಸೋಸಿಯೇಷನ್, ಅಂದರೆ ಎಪಿಎ, ಕೊಡುವ ಆರಂಭಿಕ ವೃತ್ತಿಯ ವೈಜ್ಞಾನಿಕ ಪ್ರಶಸ್ತಿಗೆ ಸೂಚಿಸಲು ಹೊರಟಿದ್ದರು. ಬೆಂಬಲದ ಪತ್ರಗಳಲ್ಲಿ ಒಂದನ್ನು ನಾನು ಬರೆಯಬೇಕಂತೆ. “ಮೇಡಂ, ನಾನು ಕೆಲಸ ಮಾಡುವುದನ್ನು ಶಾಲೆಯ ಒಳಗೆ ನಿಂತು ನೋಡಿದವರು ನೀವೊಬ್ಬರೇ,” ಎಂದಳು. ಇಲ್ಲ ಎನ್ನಲು ಆಗಲಿಲ್ಲ.

ಪ್ರಶಸ್ತಿಯ ವಿವರ ಮೊದಲು ಹೇಳಿಬಿಡುತ್ತೇನೆ. ಎಪಿಎ 1892ರಲ್ಲಿ ಹುಟ್ಟಿದ ಸಂಸ್ಥೆ, ಮೊದಲ ಅಧ್ಯಕ್ಷ ಜಿ. ಸ್ಟ್ಯಾನ್ಲಿ ಹಾಲ್. ಹಿರಿಯರಿಗೆ ಕೊಡುವ ವೈಜ್ಞಾನಿಕ ಪ್ರಶಸ್ತಿ 1956ರಿಂದ ಇದೆ. ಮೊದಲ ವರ್ಷವೇ ಅದು ವುಲ್ಫ್‌ಗಾಂಗ್ ಕೋಲರ್, ಕಾರ್ಲ್ ರೋಜರ್ಸ್ ಮತ್ತು ಕೆನೆತ್ ಸ್ಪೆನ್ಸ್ ಈ ಮೂವರಿಗೆ ಹೋಯಿತು. ಹದಿನೆಂಟು ವರ್ಷ ಕಳೆದ ಮೇಲೆ, 1974ರಲ್ಲಿ, ಕಿರಿಯರಿಗೂ ಒಂದು ಬೇಕು ಎಂದು ಇದು ಶುರುವಾಯಿತು. ಅಸಹಾಯಕತೆಯೂ ಕಲಿತದ್ದಾಗಿರಬಹುದು ಎಂದು ತೋರಿಸಿದ ಮಾರ್ಟಿನ್ ಸೆಲಿಗ್‌ಮನ್, ಭಾಷೆಯನ್ನು ಮಕ್ಕಳು ಕಲಿಯುವ ಬಗೆಯ ಮೇಲೆ ಕೆಲಸ ಮಾಡಿದ ಸ್ಟೀವನ್ ಪಿಂಕರ್ ಇವರೆಲ್ಲ ಎಳೆಯ ವಯಸ್ಸಿನಲ್ಲಿ ಇದನ್ನು ಪಡೆದವರು. ಹಣ ಒಂದು ಸಾವಿರ ಡಾಲರ್. ನಮ್ಮ ಲೆಕ್ಕದಲ್ಲಿ ಎಂಬತ್ತು ಸಾವಿರ ರೂಪಾಯಿಯ ಮೇಲೆ, ಅವರ ಲೆಕ್ಕದಲ್ಲಿ ಒಂದು ಸಾಧಾರಣ ಲ್ಯಾಪ್‌ಟಾಪ್. ಹಣಕ್ಕಾಗಿ ಯಾರೂ ಇದನ್ನು ಬಯಸುವುದಿಲ್ಲ.

ನನಗೆ ಬಹಳ ಹಿಡಿಸಿದ್ದು ಅರ್ಹತೆಯ ನಿಯಮ. ಪಿಎಚ್.ಡಿ. ಪಡೆದು ಒಂಬತ್ತು ವರ್ಷ ದಾಟಿರಬಾರದು, ಅಷ್ಟೇ. ಹುಟ್ಟಿದ ದಿನಾಂಕ ಲೆಕ್ಕಕ್ಕಿಲ್ಲ. ನಮ್ಮಲ್ಲಿ ‘ಯುವ’ ಎಂಬ ಮಾತು ಬಂದ ಕಡೆಯಲ್ಲೆಲ್ಲ ಹತ್ತನೇ ತರಗತಿಯ ಅಂಕಪಟ್ಟಿ ಕೇಳುತ್ತಾರೆ. ಭಾರತೀಯ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಯುವ ವಿಜ್ಞಾನಿ ಪದಕಕ್ಕೆ ಮೂವತ್ತೈದರ ಗಡಿ ಇತ್ತು. ಬೆಂಗಳೂರಿನ ಇನ್ಫೋಸಿಸ್ ಪ್ರಶಸ್ತಿ 2024ರಿಂದ ನಲವತ್ತರೊಳಗಿನವರಿಗೆ ಎಂದು ಬದಲಾಯಿತು. ಕಿರಿಯರತ್ತ ನೋಡುವ ಮನಸ್ಸು ಒಳ್ಳೆಯದೇ. ಆದರೆ ಮೂವತ್ತಾರರಲ್ಲಿ ಪಿಎಚ್.ಡಿ. ಮುಗಿಸಿದ ನನ್ನ ಹುಡುಗಿಗೆ ಮೊದಲನೆಯದರ ಬಾಗಿಲು ಓದು ಮುಗಿಯುವ ಮೊದಲೇ ಮುಚ್ಚಿತ್ತು, ಎರಡನೆಯದರಲ್ಲಿ ಉಳಿಯುತ್ತಿದ್ದುದು ಮೂರು ನಾಲ್ಕು ವರ್ಷ. ನಮ್ಮ ಊರಿನ ಹೆಣ್ಣುಮಕ್ಕಳಲ್ಲಿ ಸಂಶೋಧನೆಗೆ ತಡವಾಗಿ ಬರುವವರು ಎಷ್ಟೋ ಜನ. ಸಂಶೋಧನೆಯ ವಯಸ್ಸನ್ನು ಸಂಶೋಧನೆ ಶುರುವಾದ ದಿನದಿಂದ ಎಣಿಸುವುದೇ ನ್ಯಾಯ. ಎಪಿಎ ಆ ನ್ಯಾಯವನ್ನು ಪಾಲಿಸಿದೆ.

ಇನ್ನೊಂದು ನಿಯಮ ಸ್ವಲ್ಪ ಗೋಜಲು. ಮನೋವಿಜ್ಞಾನವನ್ನು ಹತ್ತು ಕ್ಷೇತ್ರಗಳಾಗಿ ಹಂಚಿದ್ದಾರೆ: ಪ್ರಾಣಿಗಳ ವರ್ತನೆ, ಮಕ್ಕಳ ಬೆಳವಣಿಗೆ, ಆರೋಗ್ಯ, ಅರಿವು ಮತ್ತು ಕಲಿಕೆ, ಮನೋರೋಗ, ನರವಿಜ್ಞಾನ, ಗ್ರಹಿಕೆ ಮತ್ತು ಚಲನೆ, ಸಾಮಾಜಿಕ, ಆನ್ವಯಿಕ, ವ್ಯಕ್ತಿ ವ್ಯಕ್ತಿಗಳ ನಡುವಿನ ಭಿನ್ನತೆ. ಒಂದು ವರ್ಷ ಐದಕ್ಕೆ, ಮರುವರ್ಷ ಉಳಿದ ಐದಕ್ಕೆ. ಇದರ ಒಳ್ಳೆಯ ಗುಣವೆಂದರೆ ಇಲಿಯ ಕಲಿಕೆಯನ್ನು ನೋಡುವವನೂ ಖಿನ್ನತೆಯನ್ನು ನೋಡುವವಳೂ ಒಂದೇ ತಕ್ಕಡಿಯಲ್ಲಿ ಕೂರುವುದಿಲ್ಲ. ತೊಂದರೆಯೆಂದರೆ ನಿಮ್ಮ ಕ್ಷೇತ್ರದ ಸರದಿ ಈ ವರ್ಷ ಇಲ್ಲದಿದ್ದರೆ ಒಂದು ವರ್ಷ ಕಾಯಬೇಕು. ಒಂಬತ್ತನೆಯ ವರ್ಷದಲ್ಲಿರುವವರಿಗೆ ಆ ಕಾಯುವಿಕೆಯೇ ಕೊನೆ. ಹಾಗಾಗಿ ಮೊದಲು ನೋಡಬೇಕಾದದ್ದು ಸರದಿಯ ಪಟ್ಟಿ. ನನ್ನ ವಿದ್ಯಾರ್ಥಿನಿಯ ಕ್ಷೇತ್ರದ ಸರದಿ ಸರಿಯಾಗಿ ಬಂದಿತ್ತು.

ಈಗ ಪತ್ರದ ವಿಷಯ. ಶುಲ್ಕವಿಲ್ಲ. ಕೇಳುವುದು ನಾಮನಿರ್ದೇಶನದ ಪತ್ರ, ಬಯೋಡೇಟಾ, ಆಯ್ದ ಕೆಲವೇ ಪ್ರಬಂಧಗಳು, ಅವಳ ಕೆಲಸ ಬಲ್ಲವರ ಪತ್ರಗಳು. ‘ಆಯ್ದ ಕೆಲವೇ’ ಎಂಬಲ್ಲಿ ಕಷ್ಟವೆಲ್ಲ ಇದೆ. ಅವಳ ಹೆಸರಿನಲ್ಲಿ ಮೂವತ್ತಕ್ಕೂ ಹೆಚ್ಚು ಪ್ರಬಂಧಗಳಿದ್ದವು. ರಾತ್ರಿ ಫೋನಿನಲ್ಲಿ ಒಂದೊಂದನ್ನೇ ಹಿಡಿದು ಕೂತೆವು. ಅವಳಿಗೆ ಅದು ಬೆಳಗು. “ಇದರಲ್ಲಿ ನಿನ್ನದು ಯಾವುದು? ನೀನು ಇಲ್ಲದಿದ್ದರೂ ಆಗುತ್ತಿದ್ದುದು ಯಾವುದು?” ಎಂದು ಕೇಳುತ್ತಾ ಹೋದೆ. ದೊಡ್ಡ ಪತ್ರಿಕೆಯಲ್ಲಿ ಬಂದ, ಹನ್ನೆರಡು ಮಂದಿ ಲೇಖಕರಿದ್ದ ಪ್ರಬಂಧವೊಂದನ್ನು ಅವಳಾಗಿಯೇ ಪಕ್ಕಕ್ಕಿಟ್ಟಳು. ಯಾರೂ ಹೆಚ್ಚು ಉಲ್ಲೇಖಿಸದ, ಸಣ್ಣದೊಂದನ್ನು ಉಳಿಸಿಕೊಂಡಳು. ನಾನು ಆ ಶಾಲೆಗೆ ಜೊತೆಯಲ್ಲಿ ಹೋಗಿದ್ದ ಕೆಲಸ ಅದು.

ಆ ಶಾಲೆಯ ಬಗ್ಗೆಯೇ ನನ್ನ ಪತ್ರವನ್ನು ಬರೆದೆ. ಮೈಸೂರಿನ ಹೊರವಲಯದ ಸರ್ಕಾರಿ ಪ್ರಾಥಮಿಕ ಶಾಲೆ, ಮೂರನೇ ತರಗತಿ. ಪದಗಳನ್ನು ಬರೆದು ತೋರಿಸಲು ಅವಳು ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ ಹಿಂಬದಿಯನ್ನು ಬಳಸಿದ್ದಳು. ಗಟ್ಟಿ ಕಾಗದ, ಮಕ್ಕಳ ಕೈಯಲ್ಲಿ ಮುದುರುವುದಿಲ್ಲ. ಒಂದು ಹುಡುಗಿಯ ಮುಂದೆ ‘ಸೂರ್ಯ’ ಎಂಬ ಚೀಟಿ ಇಟ್ಟಳು. ಮಗು ‘ಸೂ’ ಎಂದಿತು. ಬೆರಳು ‘ಯ’ದ ಮೇಲೆ ಬಂತು, ‘ಸೂಯ’ ಎಂದಿತು. ಬೆರಳು ಇನ್ನೂ ಬಲಕ್ಕೆ ಸರಿದು ಅರ್ಕಾವತ್ತಿನ ಮೇಲೆ ನಿಂತಿತು. ಕಣ್ಣು ಹಿಂದಕ್ಕೆ ಹೋಯಿತು, ತುಟಿ ಸದ್ದಿಲ್ಲದೆ ಎರಡು ಸಲ ಆಡಿತು. ಆಮೇಲೆ ‘ಸೂರ್ಯ’ ಎಂದು ಜೋರಾಗಿ ಹೇಳಿ ನಮ್ಮಿಬ್ಬರ ಮುಖ ನೋಡಿತು. ನನ್ನ ವಿದ್ಯಾರ್ಥಿನಿ ಸ್ಟಾಪ್‌ವಾಚ್ ಒತ್ತುವುದನ್ನೂ ಮರೆಯಲಿಲ್ಲ, ಮಗುವಿಗೆ ನಕ್ಕು ತಲೆಯಾಡಿಸುವುದನ್ನೂ ಮರೆಯಲಿಲ್ಲ.

ಕನ್ನಡ ಬಾರದ ಸಮಿತಿಗೆ ಇದನ್ನು ಹೇಗೆ ಹೇಳುವುದು? ನಾವು ಬರೆಯುವುದರಲ್ಲಿ ಒಂದು ಗುರುತು ಬಲಗಡೆ ಕೂರುತ್ತದೆ, ಆದರೆ ನಾಲಿಗೆಗೆ ಅದು ಮೊದಲು ಬರಬೇಕು, ಆ ಹಿಂದುಮುಂದನ್ನು ಎಂಟು ವರ್ಷದ ಮಗು ಅರೆಗಳಿಗೆಯಲ್ಲಿ ಸರಿಪಡಿಸಿಕೊಳ್ಳುತ್ತದೆ ಎಂದು ಬರೆದೆ. ಇಂಗ್ಲಿಷಿನ ಇಪ್ಪತ್ತಾರು ಅಕ್ಷರಗಳಿಗೆ ಮಾಡಿದ ಓದಿನ ಸಿದ್ಧಾಂತವನ್ನು ನಮ್ಮ ಮಕ್ಕಳ ಮೇಲೆ ಹಾಗೆಯೇ ಹೊದಿಸಿದರೆ ಅವರು ಹಿಂದುಳಿದವರಂತೆ ಕಾಣುತ್ತಾರೆ ಎಂದು ಬರೆದೆ. ಈ ದಾರಿಯಲ್ಲಿ ಮೊದಲೇ ನಡೆದವರಿದ್ದಾರೆ. ಸೋನಾಲಿ ನಾಗ್ ಅವರು ಕನ್ನಡ ಮಕ್ಕಳ ಆರಂಭಿಕ ಓದಿನ ಬಗ್ಗೆ 2007ರಲ್ಲಿ ಪ್ರಕಟಿಸಿದ ಅಧ್ಯಯನ, ನಾಲ್ಕನೇ ತರಗತಿಯಲ್ಲೂ ಮಕ್ಕಳು ಅಕ್ಷರಗಳನ್ನು ಇನ್ನೂ ಕಲಿಯುತ್ತಲೇ ಇರುತ್ತಾರೆ ಎಂದು ತೋರಿಸಿತು. ಗುಣಿತಾಕ್ಷರ, ಒತ್ತಕ್ಷರ ಸೇರಿ ನಮ್ಮಲ್ಲಿ ನಾನೂರಕ್ಕೂ ಮೀರಿದ ರೂಪಗಳಿರುವಾಗ ಅದು ನಿಧಾನವೂ ಅಲ್ಲ, ದಡ್ಡತನವೂ ಅಲ್ಲ. ಆ ಕಲಿಕೆಗೆ ಬೇಕಾದ ಕಾಲವೇ ಅಷ್ಟು.

ಮೊದಲ ಕರಡಿನಲ್ಲಿ ‘ಪ್ರತಿಭಾವಂತೆ’, ‘ಶ್ರಮಜೀವಿ’, ‘ಅಪರೂಪದ ವಿದ್ಯಾರ್ಥಿನಿ’ ಎಂಬ ಮಾತುಗಳು ಎಂಟು ಕಡೆ ಇದ್ದವು. ಎರಡನೆಯ ವಾರ ಒಂದೊಂದನ್ನೇ ಹೊಡೆದುಹಾಕಿದೆ. ಪ್ರತಿ ಹೊಗಳಿಕೆಯ ಜಾಗದಲ್ಲಿ ಅವಳು ಮಾಡಿದ ಒಂದು ಕೆಲಸವನ್ನು ಬರೆದೆ. ಇಪ್ಪತ್ತೊಂಬತ್ತು ವರ್ಷದಲ್ಲಿ ನಾನು ನೂರಾರು ಶಿಫಾರಸು ಪತ್ರ ಬರೆದಿದ್ದೇನೆ. ಪತ್ರ ಓದುವವರು ಆ ವಿಷಯವನ್ನು ಬಲ್ಲವರು ಎಂದು ನಂಬಿ ಬರೆದದ್ದು ಇದೇ ಮೊದಲು. ಹಾಗೆ ನಂಬುವಂತೆ ಮಾಡಿದ್ದು ಅವರು ಕೇಳಿದ ಕಾಗದಪತ್ರಗಳೇ. ‘ಏನು ಮಾಡಿದ್ದಾಳೆ’ ಎಂದು ಕೇಳಿದವರಿಗೆ ‘ಹೇಗಿದ್ದಾಳೆ’ ಎಂದು ಉತ್ತರಿಸಿದರೆ ಆಗದು. ಈ ಪ್ರಶಸ್ತಿಗೆ ನಾನು ಅತಿ ಹೆಚ್ಚು ಅಂಕ ಕೊಡುವುದು ಈ ಒಂದು ಗುಣಕ್ಕೆ.

ಪ್ರಶಸ್ತಿ ಪಡೆದವರಿಗೆ ಸಿಗುವುದರಲ್ಲಿ ನನಗೆ ದೊಡ್ಡದಾಗಿ ಕಂಡದ್ದು ಇನ್ನೊಂದು. ಎಪಿಎ ಹೊರತರುವ ‘ಅಮೆರಿಕನ್ ಸೈಕಾಲಜಿಸ್ಟ್’ ಪತ್ರಿಕೆ ವಿಜೇತರ ಕೆಲಸದ ಪರಿಚಯ, ಬದುಕಿನ ಹಾದಿ, ಪ್ರಬಂಧಗಳ ಪಟ್ಟಿಯನ್ನು ಪ್ರಕಟಿಸುತ್ತಾ ಬಂದಿದೆ. ನಾನು ಹಳೆಯ ಸಂಚಿಕೆಗಳನ್ನು ಗ್ರಂಥಾಲಯದಲ್ಲಿ ಹುಡುಕಿ ಓದುತ್ತಿದ್ದೆ. ಮೂವತ್ತರ ಹರೆಯದವರು ತಮಗೆ ಪಾಠ ಹೇಳಿದವರನ್ನು ಹೆಸರು ಹಿಡಿದು ನೆನೆಯುವ ಪುಟಗಳವು. ಫಲಕದ ಮೇಲೆ ಧೂಳು ಕೂರುತ್ತದೆ, ಆ ಪುಟಗಳನ್ನು ಮಾತ್ರ ದೂರದ ಮೈಸೂರಿನಲ್ಲಿ ಕೂತು ಯಾರೋ ಓದುತ್ತಾರೆ.

ಇದೇ ಸಾಲಿನ ಇನ್ನೊಂದು ಪ್ರಶಸ್ತಿಯ ಬಗ್ಗೆಯೂ ಹೇಳದೆ ಮುಂದಕ್ಕೆ ಹೋಗಲಾರೆ. 1988ರಲ್ಲಿ ಎಪಿಎಯಿಂದ ಬೇರೆಯಾಗಿ, ಸಂಶೋಧನೆಗೇ ಒತ್ತು ಕೊಡಬೇಕೆಂದು ಹುಟ್ಟಿದ ಸಂಸ್ಥೆ ಎಪಿಎಸ್, ಅಂದರೆ ಈಗಿನ ಅಸೋಸಿಯೇಷನ್ ಫಾರ್ ಸೈಕಲಾಜಿಕಲ್ ಸೈನ್ಸ್. ಅದು ಕಿರಿಯರಿಗೆ ಕೊಡುವ ಪ್ರಶಸ್ತಿಗೆ ಜಾನೆಟ್ ಟೇಲರ್ ಸ್ಪೆನ್ಸ್ ಅವರ ಹೆಸರಿದೆ. ‘ಟೇಲರ್ ಆತಂಕ ಮಾಪನ’ ಎಂದರೆ ನಮ್ಮ ಪ್ರಾಯೋಗಿಕ ದಾಖಲೆ ಪುಸ್ತಕದಲ್ಲಿ ಕಡ್ಡಾಯವಾಗಿ ಇರುತ್ತಿದ್ದ ಪ್ರಯೋಗ. 1953ರಲ್ಲಿ ಅವರು ಪ್ರಕಟಿಸಿದ ಐವತ್ತು ಹೇಳಿಕೆಗಳು, ಪ್ರತಿಯೊಂದಕ್ಕೂ ಸರಿ ಅಥವಾ ತಪ್ಪು ಎಂಬ ಗುರುತು. ಪರೀಕ್ಷೆಯ ಹಿಂದಿನ ವಾರ ಅದನ್ನು ತುಂಬಿಸಿದರೆ ಇಡೀ ತರಗತಿಯ ಆತಂಕದ ಅಂಕ ಏರುತ್ತಿತ್ತು. ಎಷ್ಟೋ ಹುಡುಗಿಯರು ತಮ್ಮ ಎದೆಬಡಿತಕ್ಕೂ ಒಂದು ಹೆಸರಿದೆ ಎಂದು ಅಂದು ತಿಳಿದರು.

ಆ ಮಾಪನವನ್ನು ಮಾಡಿದಾಕೆ ಯಾರು ಎಂದು ನಾನು ತಿಳಿದದ್ದು ಬಹಳ ತಡವಾಗಿ. ಜಾನೆಟ್ ಟೇಲರ್ 1949ರಲ್ಲಿ ಅಯೋವಾದಲ್ಲಿ ಪಿಎಚ್.ಡಿ. ಮುಗಿಸಿ ನಾರ್ತ್‌ವೆಸ್ಟರ್ನ್ ವಿಶ್ವವಿದ್ಯಾಲಯದಲ್ಲಿ ಪಾಠ ಹೇಳಿದರು. ತಮ್ಮ ಮಾರ್ಗದರ್ಶಕರಾಗಿದ್ದ ಕೆನೆತ್ ಸ್ಪೆನ್ಸ್ ಅವರನ್ನು ಮದುವೆಯಾದರು. 1956ರಲ್ಲಿ ಆ ದೊಡ್ಡ ಪ್ರಶಸ್ತಿ ಪಡೆದ ಮೂವರಲ್ಲಿ ಒಬ್ಬರು ಈ ಕೆನೆತ್ ಅವರೇ. ಗಂಡ ಹೆಂಡತಿ ಒಂದೇ ವಿಭಾಗದಲ್ಲಿ ಇರಬಾರದೆಂಬ ಆ ಕಾಲದ ನಿಯಮ ಹೆಂಡತಿಯನ್ನು ಹೊರಗಿಟ್ಟಿತು. ಅಯೋವಾದಲ್ಲಿ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಕೆಲಸ ಮಾಡಿದರು. ಟೆಕ್ಸಾಸಿಗೆ ಹೋದ ಮೇಲೂ ಗಂಡನ ವಿಭಾಗದ ಬಾಗಿಲು ತೆರೆಯಲಿಲ್ಲ. 1967ರಲ್ಲಿ ಗಂಡ ತೀರಿಕೊಂಡ ನಂತರ ಮನೋವಿಜ್ಞಾನ ವಿಭಾಗಕ್ಕೆ ಬಂದರು, ಬಂದ ಸ್ವಲ್ಪ ಕಾಲದಲ್ಲೇ ಅದರ ಮುಖ್ಯಸ್ಥೆಯಾದರು. 1984ರಲ್ಲಿ ಎಪಿಎಯ ಅಧ್ಯಕ್ಷೆ, ಆಮೇಲೆ ಎಪಿಎಸ್‌ನ ಚುನಾಯಿತ ಮೊದಲ ಅಧ್ಯಕ್ಷೆ. ವೃತ್ತಿಯ ಎಳೆಯ ದಿನಗಳಲ್ಲಿ ಬಾಗಿಲ ಹೊರಗೆ ನಿಂತವರ ಹೆಸರಿನಲ್ಲಿ ಎಳೆಯರಿಗೆ ಪ್ರಶಸ್ತಿ ಇಟ್ಟವರು ಯಾರೇ ಇರಲಿ, ಅವರಿಗೆ ನನ್ನ ನಮಸ್ಕಾರ. ಈ ಕಥೆಯನ್ನು ಫೋನಿನಲ್ಲಿ ಹೇಳಿದಾಗ ನನ್ನ ವಿದ್ಯಾರ್ಥಿನಿ ಬಹಳ ಹೊತ್ತು ಸುಮ್ಮನಿದ್ದಳು.

ಕೊರತೆಗಳನ್ನೂ ಹೇಳಬೇಕು, ಅವು ಸಣ್ಣವಲ್ಲ.

ವಿಜೇತರ ಪಟ್ಟಿಯನ್ನು ಮೇಲಿನಿಂದ ಕೆಳಗೆ ಓದಿದರೆ ಅಮೆರಿಕದ ವಿಶ್ವವಿದ್ಯಾಲಯಗಳದ್ದೇ ಬಹುಪಾಲು. ತನ್ನ ಹೆಸರಿನಲ್ಲೇ ದೇಶದ ಹೆಸರಿರುವ ಸಂಸ್ಥೆ ತನ್ನವರನ್ನು ನೋಡುವುದು ಸಹಜ ಎನ್ನಬಹುದು. ಆದರೆ ಅದರ ಪತ್ರಿಕೆಗಳನ್ನು ಇಡೀ ಜಗತ್ತು ಪಠ್ಯವಾಗಿ ಓದುತ್ತದೆ. ಜೆಫ್ರಿ ಆರ್ನೆಟ್ 2008ರಲ್ಲಿ ಎಪಿಎಯ ಆರು ಪತ್ರಿಕೆಗಳ ಐದು ವರ್ಷದ ಪ್ರಬಂಧಗಳನ್ನು ತೆಗೆದು ನೋಡಿದಾಗ, ಅಧ್ಯಯನಕ್ಕೆ ಒಳಗಾದವರಲ್ಲಿ ಶೇ. 68 ಅಮೆರಿಕನ್ನರು. ಅಮೆರಿಕನ್ನರು ಜಗತ್ತಿನ ಜನರಲ್ಲಿ ಶೇ. 5ರಷ್ಟೂ ಇಲ್ಲ. ಅಂದರೆ ನಾನು ಇಪ್ಪತ್ತೊಂಬತ್ತು ವರ್ಷ ‘ಮನುಷ್ಯನ ಮನಸ್ಸು’ ಎಂದು ಕಪ್ಪುಹಲಗೆಯ ಮೇಲೆ ಬರೆದು ಪಾಠ ಹೇಳಿದ್ದರಲ್ಲಿ ಬಹಳಷ್ಟು ಅಲ್ಲಿನ ಕಾಲೇಜು ಹುಡುಗರ ಮನಸ್ಸು. ಮನೋವಿಜ್ಞಾನ ನಮ್ಮಲ್ಲಿ ನಿನ್ನೆ ಮೊನ್ನೆ ಬಂದದ್ದಲ್ಲ. ಮೈಸೂರು ವಿಶ್ವವಿದ್ಯಾಲಯದಲ್ಲಿ ವಿಭಾಗ ಶುರುವಾದದ್ದು 1924ರಲ್ಲಿ. ಅದನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರೇ 1935ರಲ್ಲಿ ತಮ್ಮ ಮನೆಯಿಂದ ಬಾನುಲಿ ಪ್ರಸಾರ ಶುರುಮಾಡಿ ‘ಆಕಾಶವಾಣಿ’ ಎಂಬ ಹೆಸರನ್ನು ಬಳಕೆಗೆ ತಂದವರು. ಬೆಂಗಳೂರಿನ ನಿಮ್ಹಾನ್ಸ್ ಇದೆ. ಇಷ್ಟಿದ್ದೂ ಇಲ್ಲಿಯೇ ಕೂತು ಕೆಲಸ ಮಾಡುವ ಕಿರಿಯ ಸಂಶೋಧಕನ ಹೆಸರು ಆ ಸಮಿತಿಯ ಮೇಜಿಗೆ ಹೋಗಬೇಕಾದರೆ ಅಲ್ಲಿ ಅವನನ್ನು ಬಲ್ಲ ಹಿರಿಯರೊಬ್ಬರು ಬೇಕು. ನನ್ನ ವಿದ್ಯಾರ್ಥಿನಿ ಅಮೆರಿಕದಲ್ಲಿ ಇರದಿದ್ದರೆ, ಅದೇ ಲಗ್ನಪತ್ರಿಕೆಯ ಚೀಟಿಗಳಿಂದ ಅದೇ ಕೆಲಸ ಮಾಡಿದ್ದರೂ, ಆ ಪತ್ರ ನನ್ನ ಕಡತದಲ್ಲೇ ಉಳಿಯುತ್ತಿತ್ತು. ಇದನ್ನು ನೆನೆದರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಎರಡನೆಯ ಕೊರತೆ ಈ ಒಂದು ಪ್ರಶಸ್ತಿಯದಲ್ಲ, ಈ ಜಾತಿಯ ಎಲ್ಲ ಪ್ರಶಸ್ತಿಗಳದ್ದು. ಓದುವ ಸಮಿತಿ ಪ್ರಬಂಧವನ್ನು ಓದುತ್ತದೆ, ಪ್ರಬಂಧದ ಹಿಂದಿನ ದತ್ತಾಂಶವನ್ನು ಬಗೆದು ನೋಡುವುದಿಲ್ಲ. ನೆದರ್ಲೆಂಡ್ಸ್‌ನ ಡೀಡೆರಿಕ್ ಸ್ಟಾಪೆಲ್ ಎಂಬ ಸಾಮಾಜಿಕ ಮನೋವಿಜ್ಞಾನಿಗೆ 2009ರಲ್ಲಿ ಪ್ರಾಯೋಗಿಕ ಸಾಮಾಜಿಕ ಮನೋವಿಜ್ಞಾನಿಗಳ ಸಂಘವೊಂದು ವೃತ್ತಿಪಥದ ಪ್ರಶಸ್ತಿ ಕೊಟ್ಟಿತು. ಎರಡೇ ವರ್ಷಕ್ಕೆ, 2011ರಲ್ಲಿ, ಆತ ಅಂಕಿಅಂಶಗಳನ್ನು ಕೂತಲ್ಲೇ ಹುಟ್ಟಿಸುತ್ತಿದ್ದುದು ಹೊರಬಂತು. ಪ್ರಶಸ್ತಿಯನ್ನು ಹಿಂದಕ್ಕೆ ಪಡೆದರು, ಒಟ್ಟು 58 ಪ್ರಬಂಧಗಳು ರದ್ದಾದವು. ದೂರು ಕೊಟ್ಟವರು ಅದೇ ವಿಭಾಗದ ಮೂವರು ಕಿರಿಯ ಸಂಶೋಧಕರು. ತಮ್ಮ ಕೆಲಸವನ್ನೇ ಪಣಕ್ಕಿಟ್ಟು ದೊಡ್ಡವರ ವಿರುದ್ಧ ಮಾತಾಡಿದ ಆ ಮೂವರು ಮನೋವಿಜ್ಞಾನಕ್ಕೆ ಕೊಟ್ಟ ಕೊಡುಗೆ ನೂರು ಪ್ರಬಂಧಕ್ಕೆ ಸಮ ಎಂದು ನನ್ನ ತೀರ್ಮಾನ. 2015ರಲ್ಲಿ ಬ್ರಯನ್ ನೋಸೆಕ್ ಮುಂದಾಳುತನದಲ್ಲಿ ನೂರು ಪ್ರಯೋಗಗಳನ್ನು ಮತ್ತೆ ಮಾಡಿ ನೋಡಿದಾಗ ಶೇ. 36ರಲ್ಲಿ ಮಾತ್ರ ಸಂಖ್ಯಾಶಾಸ್ತ್ರ ಒಪ್ಪುವ ಫಲಿತಾಂಶ ಮರಳಿ ಸಿಕ್ಕಿತು. ಅಂಥ ಮರುಪರೀಕ್ಷೆಯನ್ನು, ದತ್ತಾಂಶವನ್ನು ಎಲ್ಲರಿಗೂ ತೆರೆದಿಡುವುದನ್ನು, ಹೊಸತನದಷ್ಟೇ ದೊಡ್ಡ ಸಾಧನೆಯಾಗಿ ಎಣಿಸುವ ಪ್ರಶಸ್ತಿಗಳು ಹೆಚ್ಚಬೇಕು. ನನ್ನ ಪತ್ರದ ಕೊನೆಯ ಸಾಲಿನಲ್ಲಿ, ಆ ಚೀಟಿಗಳೂ ಸಮಯದ ದಾಖಲೆಗಳೂ ಒಂದು ರಟ್ಟಿನ ಪೆಟ್ಟಿಗೆಯಲ್ಲಿ ನನ್ನ ಮನೆಯಲ್ಲಿವೆ, ಯಾರು ಬೇಕಾದರೂ ಬಂದು ನೋಡಬಹುದು ಎಂದು ಬರೆದೆ. ಅದು ಕೇಳದೆ ಬರೆದ ಸಾಲು. ಬರೆದದ್ದಕ್ಕೆ ಸಂತೋಷವಿದೆ.

ಐದಕ್ಕೆ ನಾಲ್ಕು ಕೊಡುತ್ತೇನೆ. ಶುಲ್ಕವಿಲ್ಲದಿರುವುದಕ್ಕೆ, ವಯಸ್ಸು ಕೇಳದಿರುವುದಕ್ಕೆ, ಪ್ರಬಂಧವನ್ನು ಕೇಳಿದ್ದಕ್ಕೆ. ಕಳೆದ ಒಂದು ಅಂಕ ದೂರದವರಿಗೆ ಇರುವ ಆ ಎತ್ತರದ ಹೊಸ್ತಿಲಿಗಾಗಿ. ನೀವು ಹೊರದೇಶದಲ್ಲಿ ಇರುವವರಾದರೆ, ಪಿಎಚ್.ಡಿ. ಪಡೆದ ನಾಲ್ಕನೆಯ ಐದನೆಯ ವರ್ಷದಲ್ಲೇ ನಿಮ್ಮ ಕೆಲಸವನ್ನು ಬಲ್ಲ ಹಿರಿಯರೊಬ್ಬರ ಬಳಿ ಈ ಮಾತು ಎತ್ತಿ, ಸಂಕೋಚ ಬೇಡ. ಇಲ್ಲೇ ಇರುವವರು ಯಾವ ಪ್ರಶಸ್ತಿಗೆ ಆದರೂ ಹಣ ಕಟ್ಟುವ ಮೊದಲು ಮೂರು ಮಾತು ಕೇಳಿ: ನನ್ನ ಯಾವ ಪ್ರಬಂಧವನ್ನು ಓದಿದ್ದೀರಿ, ಓದಿದವರು ಯಾರು, ಕಳೆದ ವರ್ಷ ಎಷ್ಟು ಮಂದಿಗೆ ಕೊಟ್ಟಿರಿ. ಉತ್ತರ ಬಾರದಿದ್ದರೆ ಆ ಹಣದಲ್ಲಿ ಪುಸ್ತಕ ಕೊಳ್ಳಿ.

ನನ್ನ ವಿದ್ಯಾರ್ಥಿನಿಗೆ ಪ್ರಶಸ್ತಿ ಬರಲಿಲ್ಲ. ಸುದ್ದಿ ತಿಳಿಸಿದ ದಿನ ಅವಳ ದನಿ ಸ್ವಲ್ಪ ಕುಗ್ಗಿತ್ತು. ಆದರೆ ಅವಳು ಮೊದಲು ಕೇಳಿದ್ದು ನನ್ನ ಪತ್ರದ ಒಂದು ಪ್ರತಿಯನ್ನು. ಅದನ್ನು ಅವಳಿಗೆ ತೋರಿಸಿರಲಿಲ್ಲ. ಕಳುಹಿಸಿದೆ. ಮರುದಿನ ಬೆಳಿಗ್ಗೆ ಎದ್ದು ಫೋನ್ ನೋಡಿದರೆ ಒಂದೇ ಸಾಲು ಇತ್ತು: “ಮೇಡಂ, ಆ ಮಗುವಿನ ತುಟಿ ಎರಡು ಸಲ ಆಡಿದ್ದನ್ನು ನೀವೂ ನೋಡಿದ್ದಿರಾ?”

ಆ ಪತ್ರವನ್ನು ಬೇರೆ ಇನ್ನೊಬ್ಬರಿಗೂ ಓದಿಸಿದೆ, ಎಂಟು ಸಾವಿರ ಕಟ್ಟಿದ ನಮ್ಮ ಉಪನ್ಯಾಸಕರಿಗೆ. ಅವರು ಈಗ ಬೇರೆ ಕಾಲೇಜಿನಲ್ಲಿದ್ದಾರೆ, ಇನ್ನೂ ಅತಿಥಿಯಾಗಿಯೇ. ಓದಿ ಮುಗಿಸಿ ಏನೂ ಹೇಳದೆ ಹೋದರು. ಮುಂದಿನ ಭಾನುವಾರ ಮಧ್ಯಾಹ್ನ ತಮ್ಮ ಪ್ರಬಂಧಗಳನ್ನೆಲ್ಲ ಪ್ಲಾಸ್ಟಿಕ್ ಫೈಲಿನಲ್ಲಿ ಹಾಕಿಕೊಂಡು ಬಂದರು. ಒಂಬತ್ತಿದ್ದವು. ಊಟದ ಮೇಜಿನ ಮೇಲೆ ಸಾಲಾಗಿ ಹರಡಿ, ತಮ್ಮ ಕೈಯಿಂದಲೇ ಆರನ್ನು ತೆಗೆದು ಫೈಲಿಗೆ ಮರಳಿ ಸೇರಿಸಿದರು. ಉಳಿದ ಮೂರರಲ್ಲಿ ಹಾಸನದ ಆಲೂಗಡ್ಡೆ ಬೆಳೆಗಾರರ ನಿದ್ದೆಯ ಬಗ್ಗೆ ಬರೆದದ್ದನ್ನು ನನ್ನ ಕಡೆ ತಳ್ಳಿ, “ಇದನ್ನು ಮೊದಲು ಓದಿ ಮೇಡಂ,” ಎಂದರು. ಕನ್ನಡಕ ಹಾಕಿಕೊಂಡು ಓದಲು ಕೂತೆ.